ಕಪ್ಪೆ ಕಾರಿನ ಮುಳ್ಳು ಮತ್ತು ಮಡಕಶಿರಾದ ಭಾವ

ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವವರಿಗೆಲ್ಲ ಜಿಪ್ಪು, ಗುಂಡಿ, ದಾರ ಒದಗಿಸುವ ಅಂಗಡಿ ಸಿದ್ದರಾಮೇಶನದು. ಊರಿನಲ್ಲಿ ಎಷ್ಟು ಪ್ಯಾಂಟುಗಳು ಸುಸೂತ್ರವಾಗಿ ಮುಚ್ಚಿಕೊಳ್ಳುತ್ತವೆಯೋ ಅಷ್ಟಕ್ಕೂ ತಾನೇ ಹೊಣೆ ಎಂಬ ಗಾಂಭೀರ್ಯ ಅವನ ಮುಖದಲ್ಲಿ ಸದಾ ಇರುತ್ತಿತ್ತು. ನಲವತ್ತೆರಡು ವರ್ಷದವರೆಗೆ ಆ ಗಾಂಭೀರ್ಯಕ್ಕೆ ಧಕ್ಕೆ ಬಂದಿರಲಿಲ್ಲ. ಆಮೇಲೆ ಅವನು ಕಾರು ಕೊಂಡ.

ಅದು ಅಂಥಿಂಥ ಕಾರಲ್ಲ. ಅರವತ್ತು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ರೇಸಿನ ಹುಚ್ಚಿನವರಿಗೆಂದು ಮಾಡಿದ, ಮೇಲೆ ಹೊದಿಕೆಯಿಲ್ಲದ, ಎರಡೇ ಸೀಟಿನ ಕೆಂಪು ಕಾರು. ಬಳ್ಳಾರಿಯ ಒಬ್ಬ ದೊಡ್ಡ ಮನುಷ್ಯರ ಷೆಡ್ಡಿನಲ್ಲಿ ಇಪ್ಪತ್ತು ವರ್ಷ ಕೋಳಿಗಳ ವಶದಲ್ಲಿತ್ತು. ಮುಂದುಗಡೆ ಇದ್ದ ಕಂಪನಿಯ ಹೆಸರಿನಲ್ಲಿ ಎರಡು ಅಕ್ಷರ ಮಾತ್ರ ಉಳಿದಿದ್ದವು. ಅವನ್ನು ಹೇಗೆ ಕೂಡಿಸಿ ಓದಿದರೂ ಯಾವ ಕಂಪನಿಯೂ ಆಗುತ್ತಿರಲಿಲ್ಲ. ದೀಪಗಳೆರಡೂ ಬಾನೆಟ್ಟಿನ ಮೇಲೆ ಗುಡ್ಡೆಗಣ್ಣಿನ ಹಾಗೆ ಎದ್ದು ನಿಂತಿದ್ದರಿಂದ ಊರವರು ಅದಕ್ಕೆ ಕಪ್ಪೆ ಕಾರು ಎಂದು ಹೆಸರಿಟ್ಟರು. "ಸ್ಪೋರ್ಟ್ಸ್ ಕಾರ್ರೀ ಅದು," ಎಂದು ಸಿದ್ದರಾಮೇಶ ತಿದ್ದುತ್ತಿದ್ದ. "ಹೌದ್ರಿ, ಸ್ಪೋರ್ಟ್ಸ್ ಕಪ್ಪಿ," ಎಂದು ಊರವರು ತಿದ್ದಿಕೊಳ್ಳುತ್ತಿದ್ದರು.

ಆ ಕಾರಿನ ಬಗ್ಗೆ ಅವನಿಗೆ ಗೊತ್ತಿದ್ದದ್ದು ಒಂದೇ ಸಂಗತಿ. ಸ್ಟೇರಿಂಗಿನ ಹಿಂದೆ ಒಂದು ಚಿಕ್ಕ ಗುಂಡನೆಯ ಗಾಜು, ಅದರೊಳಗೊಂದು ಮುಳ್ಳು, ಸೊನ್ನೆಯಿಂದ ನೂರರವರೆಗೆ ಅಂಕಿ. ಇಂಜಿನ್ನಿನೊಳಗೆ ಎಣ್ಣೆ ಎಷ್ಟು ಒತ್ತಡದಲ್ಲಿ ಓಡಾಡುತ್ತಿದೆ ಎಂದು ಆ ಮುಳ್ಳು ಹೇಳುತ್ತದೆ. ಮೊಬೈಲಿನ ವಿಡಿಯೋದಲ್ಲಿ ಬಿಳಿ ಗಡ್ಡದವನೊಬ್ಬ "ಈ ಮುಳ್ಳು ಬಿದ್ದರೆ ಇಂಜಿನ್ನು ಸತ್ತ ಹಾಗೆ" ಎಂದು ಬೆರಳಾಡಿಸಿ ಹೇಳಿದ್ದನ್ನು ಸಿದ್ದರಾಮೇಶ ಹನ್ನೊಂದು ಸಲ ನೋಡಿದ್ದ. ಮುಳ್ಳು ಯಾಕೆ ಬೀಳುತ್ತದೆ ಎಂಬುದು ವಿಡಿಯೋದ ಎರಡನೆಯ ಭಾಗದಲ್ಲಿತ್ತು. ಅದನ್ನು ನೋಡುವ ಹೊತ್ತಿಗೆ ಅಂಗಡಿಗೆ ಗಿರಾಕಿ ಬಂದಿದ್ದರು.

ಅವನ ಹೆಂಡತಿ ಭುವನಾಳ ತವರು ಮಡಕಶಿರಾ. ಕಲ್ಯಾಣದುರ್ಗದ ಮೇಲೆ ಹೋದರೆ ನೂರು ಕಿಲೋಮೀಟರಿಗೂ ಮೇಲೆ. ಹೆಂಡತಿಯ ತವರಿಗೆ ಹೋಗುವಾಗ ಅಳಿಯನಾದವನು ಹೊಸ ಅಂಗಿ ತೊಡುವುದು ಎಲ್ಲ ಕಡೆಯೂ ಉಂಟು. ಸಿದ್ದರಾಮೇಶ ಕಾರು ತೊಟ್ಟುಕೊಂಡು ಹೋದ. ದಾರಿಯಲ್ಲಿ ಎಲ್ಲಿಯೂ ನಿಲ್ಲಿಸಲಿಲ್ಲ. ಓಡುವಾಗ ಮುಳ್ಳು ನಲವತ್ತರ ಮೇಲೆ ನಿಂತು ಅವನನ್ನು ಸಂತೋಷಪಡಿಸಿತು.

ರಾಯದುರ್ಗದಲ್ಲಾದರೆ ಮನೆ ಮುಂದೆ ನಿಂತೊಡನೆ ಅವನು ಇಂಜಿನ್ ಆರಿಸುತ್ತಿದ್ದ. ಅಲ್ಲಿ ಅದರ ಸದ್ದನ್ನು ಮೆಚ್ಚುವವರು ಯಾರೂ ಇರಲಿಲ್ಲ. ಹೊಗೆ ಬಂತೆಂದು ಬೈಯುವ ತಾಯಿ ಬಸಲಿಂಗಮ್ಮ ಇದ್ದಳು. ಮಡಕಶಿರಾದಲ್ಲಿ ಹಾಗಲ್ಲ. ಬೀದಿಯ ಕೊನೆಯ ಮನೆಯ ಮುದುಕಿಯೂ ಕೋಲೂರಿಕೊಂಡು ಹೊರಗೆ ಬರುವ ತನಕ ಇಂಜಿನ್ ಆರಿಸುವುದು ಅಳಿಯತನಕ್ಕೆ ಅವಮಾನ. ಕಾಲು ಗಂಟೆ ನಿಂತಲ್ಲೇ ಗುಡುಗುಡು ಅನ್ನಿಸಿದ.

ಭುವನಾಳ ಅಣ್ಣ ಬಸವರಾಜು ಸೊಪ್ಪಿನ ಬುಟ್ಟಿ ಇಳಿಸಿ ಓಡಿಬಂದ. ಅವನು ರೇಷ್ಮೆ ಹುಳು ಸಾಕುವವನು. ಹೊಗಳುವುದಕ್ಕೆ ಕೂತರೆ ಕೈ ಬಿಗಿ ಹಿಡಿಯದ ಮನುಷ್ಯ. ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತೇಬಿಟ್ಟ.

"ಏನ್ ಬಾವ, ಗಾಡಿ ಅಂದ್ರೆ ಇದಪ್ಪ! ಮಿರಮಿರ ಅಂತೈತೆ! ಕೂತ್ಕಂಡ್ರೆ ತೊಟ್ಲಲ್ಲಿ ಕೂತಂಗೈತೆ!"

ಸಿದ್ದರಾಮೇಶ ಬೀಗುತ್ತಾ ಮುಳ್ಳಿನ ಕಡೆ ನೋಡಿದ. ಅದು ಹತ್ತಕ್ಕೆ ಬಿದ್ದಿತ್ತು.

ಎರಡನೆಯ ಸಲ ಹೋದಾಗಲೂ ಬಸವರಾಜು ಕೂತ, ಹೊಗಳಿದ, ಮುಳ್ಳು ಬಿತ್ತು. ಮೂರನೆಯ ಸಲ ಅವನು ಕೂರುವ ಮೊದಲೇ, ಬಾಗಿಲಿನ ಮೇಲೆ ಕೈಯಿಟ್ಟು "ಆಹಾ" ಅಂದದ್ದಷ್ಟೇ, ಮುಳ್ಳು ಒಂಬತ್ತಕ್ಕೆ ಇಳಿದಿತ್ತು. ಸಿದ್ದರಾಮೇಶ ಊರಿಗೆ ಬಂದು ತಾಯಿಯ ಮುಂದೆ ಸಂಗತಿ ಇಟ್ಟ. ಬಸಲಿಂಗಮ್ಮ ಅವರೆಕಾಯಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಯಾವಾಗ ಬಿತ್ತು?"

"ಭಾವ ಕುಂತಾಗ."

"ಏನಂದ?"

"ಮಿರಮಿರ ಅಂತೈತಿ ಅಂದ."

"ಮುಗೀತು ತಗಿ," ಎಂದಳು ಬಸಲಿಂಗಮ್ಮ. "ಹೋದ ವರ್ಷ ನಮ್ಮ ಎಮ್ಮಿ ನೋಡಿ ಇದೇ ಮಾತಂದಿದ್ದ. ಮರುದಿನ ಅದು ಕಾಲಿಲೆ ಬಕೀಟು ಒದ್ದು ನಿಂತಿತು. ಕಣ್ಣು ಕೆಟ್ಟದ್ದೋ ಸಿದ್ದಾ. ಮನುಷ್ಯಾ ಒಳ್ಳೆಯವನೇ. ಕಣ್ಣೇ ಕೆಟ್ಟದ್ದು."

ಕಾರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಬಂದವು. ಬಾನೆಟ್ಟಿನ ಮೂಲೆಗೆ ಕಪ್ಪು ಬೊಟ್ಟು ಬಂತು. ಇಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೂ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಸಿದ್ದರಾಮೇಶ ಸಭ್ಯ ಮನುಷ್ಯ. ಮುಂದಿನ ಸಲ ಹೊರಡುವ ಮೊದಲು ಯಾರಿಗೂ ಬೇಸರವಾಗದ ಹಾಗೆ ಒಂದು ಏರ್ಪಾಡು ಮಾಡಿಕೊಳ್ಳೋಣವೆಂದು ಭಾವನಿಗೆ ಫೋನು ಮಾಡಿದ.

"ಭಾವ, ಈ ಸಲ ನಾ ಬರೋ ಹೊತ್ತಿಗೆ ನೀವು ಹುಳದ ಮನ್ಯಾಗ ಇದ್ದುಬಿಡ್ರಿ. ಕಾರು ನಿಲ್ಲಿಸಿ, ಆರಿಸಿ, ಮ್ಯಾಲ ಬಟ್ಟಿ ಹೊಚ್ಚಿದ ಮ್ಯಾಲ ನಾನೇ ಕರೀತೀನಿ."

"ಯಾಕ್ ಬಾವ?"

"ಏನಿಲ್ರಿ. ನಿಮ್ಮ ಕಣ್ಣಿನ ಪವರು ಒಂಚೂರು ಜಾಸ್ತಿ ಐತಿ. ನಮ್ಮ ಮುಳ್ಳು ತಡೀವಲ್ದು."

ಆ ಕಡೆ ಬಹಳ ಹೊತ್ತು ರೇಷ್ಮೆ ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು ಮಾತ್ರ ಕೇಳಿಸಿತು. ಆಮೇಲೆ ಫೋನು ಕಟ್ಟಾಯಿತು. ಐದು ನಿಮಿಷಕ್ಕೆ ಒಳಗಡೆ ಭುವನಾಳ ಫೋನು ಹೊಡೆದುಕೊಂಡಿತು.

ಇಲ್ಲಿ ಒಂದು ವಿಷಯ ಹೇಳಬೇಕು. ಸಿದ್ದರಾಮೇಶನ ಮಗಳು ಜ್ಯೋತಿಗೆ ಮೂರು ವರ್ಷ. ಹುಟ್ಟುಗೂದಲು ತೆಗೆಸುವ ಜವಳ ಮುಂದಿನ ತಿಂಗಳ ಎರಡನೆಯ ಸೋಮವಾರ, ಮನೆದೇವರಾದ, ಮಡಕಶಿರಾ ಬಳಿಯ ಹೇಮಾವತಿ ಊರಿನ ಸಿದ್ದೇಶ್ವರನ ಸನ್ನಿಧಿಯಲ್ಲಿ ಎಂದು ನಿಶ್ಚಯವಾಗಿತ್ತು. ಮಗುವನ್ನು ಸೋದರಮಾವ ತೊಡೆಯ ಮೇಲೆ ಕೂರಿಸಿಕೊಂಡು, ತನ್ನ ಕೈಯಾರೆ ಮೊದಲ ಕೂದಲು ಕತ್ತರಿಸಬೇಕು. ಆಮೇಲೆಯೇ ಕ್ಷೌರಿಕ ಕೈ ಹಚ್ಚುವುದು. ಭುವನಾಳಿಗೆ ಇರುವವನು ಒಬ್ಬನೇ ಅಣ್ಣ. ಜ್ಯೋತಿಗೆ ಒಬ್ಬನೇ ಸೋದರಮಾವ.

ಭುವನಾ ಹೊರಗೆ ಬಂದಳು. ಹನ್ನೆರಡು ವರ್ಷದ ಸಂಸಾರದಲ್ಲಿ ಅವಳ ಮಾತು ಮುಕ್ಕಾಲು ಪಾಲು ರಾಯದುರ್ಗದ್ದಾಗಿತ್ತು. ಸಿಟ್ಟು ಬಂದಾಗ ಮಾತ್ರ ಮಡಕಶಿರಾಕ್ಕೆ ವಾಪಸು ಹೋಗಿಬಿಡುತ್ತಿತ್ತು.

"ನಮ್ಮಣ್ಣ ಜವಳಕ್ಕೆ ಬರಲ್ವಂತೆ. ಒಳ್ಳೆ ಕಣ್ಣಿರೋ ತೊಡೆ ಹುಡ್ಕಂಡು ಮಗೀನ ಕೂರುಸ್ಕಳಿ ಅಂದ. ಅಲ್ಲಾ, ಅವ್ನ ಕಣ್ಣೇ ಅಂತ ಹೆಂಗೆ ಹೇಳ್ತೀರಿ? ಬೇರೆ ಯಾರನ್ನಾದ್ರೂ ಕೂರ್ಸಿ ನೋಡಿದ್ದೀರಾ?"

"ಇಲ್ಲ."

"ಹಂಗಾದ್ರೆ ನೋಡಿ. ನಮ್ಮಣ್ಣ ಬಂದು ಆ ಕತ್ರಿ ಹಿಡಿಯೋವರ್ಗೂ ನಾನು ನಿಮ್ಮತ್ರ ಮಾತಾಡಲ್ಲ."

ಅವಳು ಆಡಿದಂತೆ ನಡೆದಳು. ಅಂದಿನಿಂದ ಊಟಕ್ಕೆ ಕರೆಯುವುದೂ ಮಗಳ ಮುಖಾಂತರವೇ. "ಜ್ಯೋತಿ, ನಿಮ್ಮಪ್ಪಂಗೆ ಹೇಳು, ಅನ್ನ ಆಗೈತೆ, ಸಾರು ಬಿಸಿ ಮಾಡ್ಕಳ್ಳಲಿ." ಜ್ಯೋತಿ ಅಂಗಡಿಯವರೆಗೆ ಓಡಿ ಬರುವಷ್ಟರಲ್ಲಿ ಅರ್ಧ ಮಾತು ದಾರಿಯಲ್ಲಿ ಉದುರಿರುತ್ತಿತ್ತು. "ಅಪ್ಪಾ, ಆಗೈತೆ," ಎನ್ನುತ್ತಿದ್ದಳು. ಏನು ಆಗಿದೆ ಎಂದು ತಿಳಿಯಲು ಸಿದ್ದರಾಮೇಶ ಪ್ರತಿ ಸಲ ಗಾಬರಿಯಿಂದ ಮನೆಗೆ ಓಡುತ್ತಿದ್ದ.

ಹೆಂಡತಿಯ ಪ್ರಶ್ನೆ ನ್ಯಾಯವಾದದ್ದೇ. ಭಾನುವಾರ ಬೆಳಿಗ್ಗೆ ಏಳಕ್ಕೆ ಅವನು ಕಾರನ್ನು ಅಂಗಡಿಯ ಮುಂದೆ ನಿಲ್ಲಿಸಿ, ಚಾಲೂ ಮಾಡಿ, ಬೀದಿಯ ನಾಲ್ಕು ಜನರನ್ನು ಒಬ್ಬೊಬ್ಬರನ್ನಾಗಿ ಪಕ್ಕದಲ್ಲಿ ಕೂರಿಸಿದ. "ಚೆಂದ ಐತಿ ಅನ್ರಿ," ಎಂದು ಹೇಳಿಕೊಟ್ಟ. ಚೆಂದ ಐತಿ, ಚೆಂದ ಐತಿ ಎಂದು ನಾಲ್ವರೂ ಅಂದರು. ಮುಳ್ಳು ಅರವತ್ತರಿಂದ ಅಲುಗಲಿಲ್ಲ. ಐದು ನಿಮಿಷದಲ್ಲಿ ಪರೀಕ್ಷೆ ಮುಗಿಸಿ ಇಂಜಿನ್ ಆರಿಸಿದ. ಕುರಿಗಳನ್ನು ಅಟ್ಟಿಕೊಂಡು ಹೋಗುತ್ತಿದ್ದ ಮೈಲಾರಮ್ಮ ಕೋಲಿನ ಮೇಲೆ ಗದ್ದವೂರಿ ನಿಂತು ಎಲ್ಲವನ್ನೂ ನೋಡಿ ಮುಂದೆ ಹೋದಳು.

"ನೋಡಿದ್ಯಾ ಜ್ಯೋತಿ, ನಿಮ್ಮವ್ವಗ ಹೇಳು," ಎಂದ ಸಿದ್ದರಾಮೇಶ. "ನಾಕು ಮಂದಿ ಕಣ್ಣು ಸ್ವಚ್ಛ. ಮುಳ್ಳು ಸುಳ್ಳು ಹೇಳಂಗಿಲ್ಲ."

ಆದರೆ ಆ ನಾಲ್ವರು ಸುಮ್ಮನಿರಲಿಲ್ಲ. ಮನುಷ್ಯನಿಗೆ ತಾನು ಒಳ್ಳೆಯವನೆಂದು ಯಂತ್ರವೇ ಹೇಳಿದ ಮೇಲೆ ಸುಮ್ಮನಿರುವುದು ಕಷ್ಟ. ಮುಂದಿನ ಭಾನುವಾರ ಬೆಳಿಗ್ಗೆ ಅಂಗಡಿಯ ಮುಂದೆ ಇಪ್ಪತ್ತೆಂಟು ಜನ ನಿಂತಿದ್ದರು.

ಮೊದಲ ಆರು ಮಂದಿಗೆ ಅರವತ್ತು ಬಂತು. ಸಿದ್ದರಾಮೇಶ ಜಿಪ್ಪಿನ ಡಬ್ಬಿಯ ರಟ್ಟು ಕತ್ತರಿಸಿ "ಮುಳ್ಳು ೬೦, ಕಣ್ಣು ಸ್ವಚ್ಛ" ಎಂದು ಬರೆದು ಕೊಟ್ಟ. ಹತ್ತನೆಯವನಿಗೆ ನಲವತ್ತು. "ಸಾಧಾರಣ ಕಣ್ಣು," ಎಂದು ಬರೆದ. ಹದಿನಾಲ್ಕನೆಯವನಿಗೆ ಇಪ್ಪತ್ತು. "ಅನುಮಾನ." ಹದಿನೆಂಟನೆಯವನಾಗಿ ಕೂತವನು ಎದುರಿನ ಚಹಾ ಹೋಟೆಲಿನ ಬೊಮ್ಮಪ್ಪ. ಅವನು ಕೂತಾಗ ಮುಳ್ಳು ಹನ್ನೆರಡರಲ್ಲಿ ತೂಕಡಿಸುತ್ತಿತ್ತು. ಜನರ ಕಾಲ ಸಂದಿಯಲ್ಲಿ ನಿಂತಿದ್ದ ಜ್ಯೋತಿ ಚಪ್ಪಾಳೆ ತಟ್ಟಿ, "ಬಿತ್ತು! ಬಿತ್ತು!" ಎಂದು ಕೂಗಿದಳು. ಆ ಆಟ ಅವಳಿಗೆ ಬಹಳ ಹಿಡಿಸಿಬಿಟ್ಟಿತು.

ಅಂದು ಸಂಜೆಯಿಂದ ಬೊಮ್ಮಪ್ಪನ ಹೋಟೆಲಿನಲ್ಲಿ ಜನ ಲೋಟದ ಮೇಲೆ ಅಂಗೈ ಮುಚ್ಚಿಕೊಂಡು ಚಹಾ ಕುಡಿಯತೊಡಗಿದರು.

"ಇಪ್ಪತ್ತು ವರ್ಷದಿಂದ ನನ್ನ ಕೈಯಾಗ ಚಹಾ ಕುಡದೀರಿ, ಯಾರರೆ ಸತ್ತೀರೇನು?" ಎಂದು ಬೊಮ್ಮಪ್ಪ ಕೂಗಾಡಿದ.

"ಕೈ ಚೊಲೋ ಐತಿ ಬಿಡಪಾ," ಎಂದು ಅವರು ಸಮಾಧಾನ ಹೇಳಿದರು. "ಕಣ್ಣು ಆ ಕಡೆ ಮಾಡು."

ಆಮೇಲೆ ಅಂಗಡಿಯ ಮುಂದೆ ಸರತಿ ದಿನವೂ ನಿಲ್ಲತೊಡಗಿತು. ಮಂಗಳವಾರ ವಿಆರ್‌ಓ ರಘುನಾಥ್ ಬಂದರು. ಹಳ್ಳಿಗಳ ಜಮೀನಿನ ಕಾಗದಪತ್ರ ನೋಡಿಕೊಳ್ಳುವ ಅವರು ಯಾವ ಫೈಲು ಕಳಿಸಿದರೂ ಮೇಲಿನ ಆಫೀಸಿನಿಂದ ತಿರುಗಿ ಬರುತ್ತಿತ್ತು. ಅವರ ಮನೆಯಾಕೆಗೆ ಈಗ ಕಾರಣ ಹೊಳೆದಿತ್ತು. ಸರತಿಯಲ್ಲಿ ಇಪ್ಪತ್ತನೆಯವರಾಗಿ ನಿಂತು, ಬೆವರೊರೆಸಿಕೊಂಡು ಕೂತರು. ಮುಳ್ಳು ಹತ್ತು.

"ಏಮಂಡಿ ಸಿದ್ದರಾಮೇಶ್ ಗಾರೂ, ಇದು ಹೆಂಗ್ರಿ? ನಾನು ಗೌರ್ಮೆಂಟ್ ಎಂಪ್ಲಾಯಿ."

"ಮುಳ್ಳಿಗೆ ಅದೆಲ್ಲ ತಿಳಿಯಂಗಿಲ್ರಿ ಸಾರ್."

"ಇದನ್ನ ಒಪ್ಪಂಗಿಲ್ಲ. ರೀಸರ್ವೆ ಆಗಬೇಕು. ಬರೆದು ಅರ್ಜಿ ಕೊಡ್ತೀನಿ."

ಮರುದಿನ ಬೆಳಗಾಗುತ್ತಲೇ, ಎಲ್ಲರಿಗಿಂತ ಮೊದಲು, ಅವರು ಅರ್ಜಿ ಹಿಡಿದು ನಿಂತಿದ್ದರು. ರೀಸರ್ವೆಯಲ್ಲಿ ಅರವತ್ತು ಬಂತು. ಇಲಾಖೆಯ ಇತಿಹಾಸದಲ್ಲಿ ಇಷ್ಟು ಬೇಗ ನ್ಯಾಯ ಸಿಕ್ಕ ಅರ್ಜಿ ಇನ್ನೊಂದಿಲ್ಲ ಎಂದು ಅವರೇ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದರು. ಈ ಸುದ್ದಿ ಹಬ್ಬಿ, ಮೊದಲು ಕೂತವರಿಗೆ ಪುಣ್ಯ ಜಾಸ್ತಿ ಎಂದು ಜನ ನಸುಕಿಗೇ ಬಂದು ಚಪ್ಪಲಿ ಇಟ್ಟು ಜಾಗ ಹಿಡಿಯತೊಡಗಿದರು. ಡಿ. ಹಿರೇಹಾಳಿನಿಂದ, ಕಣೇಕಲ್ಲಿನಿಂದ ಆಟೋ ಮಾಡಿಕೊಂಡು ಬಂದರು. ಹೆಣ್ಣು ನೋಡಲು ಹೋಗುವ ಮುಂಚೆ ಗಂಡಿನ ಕಡೆಯವರು ರಟ್ಟು ಕೇಳಿದರಂತೆ.

ದಿನಕ್ಕೆ ನಾಲ್ಕು ಗಂಟೆ ನಿಂತಲ್ಲೇ ಓಡಿ ಕಾರಿನೊಳಗಿಂದ ಹೊಸದೊಂದು ಸದ್ದು ಹುಟ್ಟಿತು. ಟೊಕ್, ಟೊಕ್, ಟೊಕ್. ಒರಳಿನಲ್ಲಿ ಯಾರೋ ಏಲಕ್ಕಿ ಕುಟ್ಟಿದ ಹಾಗೆ. "ಮಂದಿ ಪಾಪ ಎಣಸಾಕ ಹತ್ತೈತಿ," ಎಂದು ಬಸಲಿಂಗಮ್ಮ ಅರ್ಥ ಹೇಳಿದಳು.

ಇತ್ತ ಜವಳಕ್ಕೆ ಉಳಿದದ್ದು ಹದಿನೇಳು ದಿನ. ಭುವನಾ ಮಗಳಿಗೆ ಎರಡು ಜಡೆ ಹೆಣೆದು, "ಜ್ಯೋತಿ, ನಿಮ್ಮಪ್ಪಂಗೆ ಹೇಳು, ಈ ಕೂದ್ಲು ಮದ್ವೆವರ್ಗೂ ಹಿಂಗೇ ಇರ್ತೈತೆ," ಎಂದಳು. ಜ್ಯೋತಿ ಬಂದು, "ಅಪ್ಪಾ, ಮದ್ವೆ," ಎಂದಳು. ಸಿದ್ದರಾಮೇಶ ಮಡಕಶಿರಾಕ್ಕೆ ಆರು ಸಲ ಫೋನು ಮಾಡಿದ. ಆರು ಸಲವೂ ಬಸವರಾಜು ಎತ್ತಲಿಲ್ಲ.

ಶುಕ್ರವಾರ ಬೆಳಿಗ್ಗೆ ಸರತಿಯಲ್ಲಿ ಎರಡನೆಯವಳಾಗಿ ಮೈಲಾರಮ್ಮ ನಿಂತಿದ್ದಳು. ಕೂತಳು. ಅರವತ್ತು. ರಟ್ಟು ಇಸಿದುಕೊಂಡು ಸೆರಗಿನ ಗಂಟಿಗೆ ಕಟ್ಟಿ ಹೋದಳು. ಹತ್ತೂವರೆಗೆ, ಜನ ಕಿಕ್ಕಿರಿದಿದ್ದಾಗ, ಮತ್ತೆ ಬಂದು ಎಲ್ಲರನ್ನೂ ಕೋಲಿನಿಂದ ಸರಿಸಿ ಸೀಟಿನಲ್ಲಿ ಕೂತಳು.

"ಯವ್ವಾ, ನಿಂದು ಆಗ್ಯಾದಲ್ಲ," ಎಂದ ಸಿದ್ದರಾಮೇಶ.

"ಇನ್ನೊಮ್ಮೆ ನೋಡು."

ಮುಳ್ಳು ಎಂಟು.

"ಬಿತ್ತು! ಬಿತ್ತು!" ಎಂದಳು ಜ್ಯೋತಿ.

ಮೈಲಾರಮ್ಮ ಸೆರಗಿನ ಗಂಟು ಬಿಚ್ಚಿ ಬೆಳಗಿನ ರಟ್ಟನ್ನು ಎತ್ತಿ ಎಲ್ಲರಿಗೂ ತೋರಿಸಿದಳು. "ಮುಂಜಾನೆ ನನ್ನ ಕಣ್ಣು ಸ್ವಚ್ಛ ಇತ್ತು. ಈಗ ಕೆಟ್ಟದ್ದಾಗೈತಿ. ನಡುವ ನಾನು ಮುದ್ದಿ ಉಂಡೀನಿ, ಕುರಿಗೆ ನೀರು ಕುಡಿಸೀನಿ. ಬ್ಯಾರೆ ಏನೂ ಪಾಪ ಮಾಡಿಲ್ಲ. ಮುದ್ದಿ ಉಂಡ್ರ ಕಣ್ಣು ಕೆಡತೈತೇನೋ ಸಿದ್ದರಾಮ?"

ಜನ ನಕ್ಕರು. ಸಿದ್ದರಾಮೇಶ ಟೋಪಿ ಸರಿಮಾಡಿಕೊಂಡ. "ಇಲ್ಲವ್ವಾ..."

"ತಡಿ." ಅವಳು ಇಳಿದು ಬಾಗಿಲು ಹಾಕಿದಳು. "ಈಗ ಸೀಟಿನಾಗ ಯಾರೂ ಇಲ್ಲ. ಎಲ್ಲಾರೂ ಆ ಕಡೆ ಮಾರಿ ತಿರುಗಿಸ್ರಿ, ಯಾರೂ ಗಾಡಿ ನೋಡಬ್ಯಾಡ್ರಿ."

ನಲವತ್ತು ಜನ ಶಿಸ್ತಾಗಿ ಬೆನ್ನು ತಿರುಗಿಸಿ ಕೋಟೆಯ ಗುಡ್ಡ ನೋಡುತ್ತಾ ನಿಂತರು. ಬೊಮ್ಮಪ್ಪ ಕಣ್ಣು ಕೂಡ ಮುಚ್ಚಿಕೊಂಡ.

"ಮುಳ್ಳು ಎಷ್ಟೈತಿ?"

"ಎಂಟು."

"ಗಾಡ್ಯಾಗ ಯಾರದಾರ?"

"ಯಾರೂ ಇಲ್ಲ."

"ನೀನಿಲ್ಲೇನು?"

ಟೊಕ್, ಟೊಕ್, ಟೊಕ್ ಎನ್ನುವುದೊಂದೇ ಸದ್ದು. ನಲವತ್ತು ಬೆನ್ನುಗಳು ನಿಧಾನವಾಗಿ ತಿರುಗಿದವು.

"ಮಡಕಶಿರಾದಾಗ ಬಿದ್ದಾಗ ಯಾರಿದ್ರು? ನೀನು. ಬೊಮ್ಮಪ್ಪಗ ಬಿದ್ದಾಗ? ನೀನು. ನನಗ ಬಿದ್ದಾಗ? ನೀನು. ದಿನಾ ಮುಂಜಾನಿಂದ ಮಧ್ಯಾಹ್ನದ ತನಕ ಈ ಗಾಡಿ ನೋಡಿ ಚೆಂದ ಐತಿ, ಚೆಂದ ಐತಿ ಅಂತ ಬಾಯಿ ಬಿಡೋನು ಯಾರು?" ಮೈಲಾರಮ್ಮ ಕೋಲು ಎತ್ತಿ ಅವನ ಎದೆಗೆ ಗುರಿಯಿಟ್ಟಳು. "ಕಣ್ಣು ಕೆಟ್ಟದ್ದಿದ್ರ ಅದು ನಿಂದೇ."

ಮುಂದಿನ ಕೆಲವು ನಿಮಿಷಗಳಲ್ಲಿ ಬಹಳ ರಟ್ಟುಗಳು ಹರಿದವು. ಬೊಮ್ಮಪ್ಪ ಕಣ್ಣು ತೆರೆದು, "ಇನ್ನು ಮ್ಯಾಲ ನೀನು ಅಂಗೈ ಮುಚ್ಚಿಕೊಂಡು ಚಹಾ ಕುಡಿ ಮಗನೇ!" ಎಂದ. ವಿಆರ್‌ಓ ರಘುನಾಥ್ ತಮ್ಮ ಅರವತ್ತರ ರಟ್ಟನ್ನು ಮಾತ್ರ ಜೋಪಾನವಾಗಿ ಜೇಬಿಗೆ ಸೇರಿಸಿ ಜಾಗ ಖಾಲಿ ಮಾಡಿದರು. ಬಸಲಿಂಗಮ್ಮ ಉಪ್ಪು ಮೆಣಸಿನಕಾಯಿ ಹಿಡಿದು ಓಡಿಬಂದು, ಯಾರಿಗೆ ದೃಷ್ಟಿ ತೆಗೆಯಬೇಕೆಂದು ತಿಳಿಯದೆ, ಮಗನಿಗೆ ಮೂರು ಸುತ್ತು, ಕಾರಿಗೆ ಮೂರು ಸುತ್ತು ನಿವಾಳಿಸಿದಳು. ಅವಳು ಆರನೆಯ ಸುತ್ತು ಮುಗಿಸುತ್ತಿದ್ದ ಹಾಗೆ ಏಲಕ್ಕಿ ಕುಟ್ಟುವ ಸದ್ದು ಬಂಡೆ ಒಡೆಯುವ ಸದ್ದಾಯಿತು. ಕಾರು ಒಮ್ಮೆ ಮೈ ಕೊಡವಿ ನಿಂತಿತು. ಮುಳ್ಳು ಸೊನ್ನೆಯ ಮೇಲೆ ಮಲಗಿತು.

ಬಳ್ಳಾರಿ ರಸ್ತೆಯ ಮೆಕ್ಯಾನಿಕ್ ಗೋಪಣ್ಣ ಹಳೆ ಜೀಪು, ಬೋರಿನ ಮೋಟರು ಬಿಚ್ಚಿ ಕೂದಲು ನರೆತವನು. ಮೂರು ದಿನಕ್ಕೆ ಇಂಜಿನ್ನಿನ ಹೊಟ್ಟೆ ಬಿಚ್ಚಿ, ಗೋಣಿಚೀಲದ ಮೇಲೆ ಕೆಲವು ತುಣುಕುಗಳನ್ನು ಜೋಡಿಸಿದ. ಅರ್ಧ ಬಳೆಯ ಹಾಗೆ ಬಾಗಿದ ತೆಳುವಾದ ಲೋಹದ ಪಟ್ಟಿಗಳು. ಬೆಳ್ಳಗಿರಬೇಕಾದ ಕಡೆ ತಾಮ್ರದ ಕೆಂಪು ಎದ್ದಿತ್ತು. ಒಂದು ತುಂಡೇ ಆಗಿತ್ತು.

"ಇವು ಬೇರಿಂಗು, ಸಾವ್ಕಾರ್ರ. ಒಳಗ ತಿರುಗೋ ದಪ್ಪ ಸಲಾಕಿಗೂ ಇವಕ್ಕೂ ನಡುವ ಕೂದಲೆಳೆ ಸಂದು ಇರಬೇಕು. ಆ ಸಂದಿನಾಗ ಎಣ್ಣಿ ತುಂಬಿ ನಿಂತ್ರ ಒತ್ತಡ. ಇವು ಸವೆದು ಸಂದು ಅಗಲ ಆಗೈತಿ. ಎಣ್ಣಿ ನಿಲ್ಲವಲ್ದು, ಸೋರಿ ಹೊಂಟೈತಿ."

"ಮತ್ತ ಮುಂಜಾನೆ ಅರವತ್ತು ಯಾಕ ಬರ್ತಿತ್ತು?"

"ಮುಂಜಾನೆ ಎಣ್ಣಿ ತಣ್ಣಗ, ಬೆಲ್ಲದ ಪಾಕ ಇದ್ದಂಗ ಗಟ್ಟಿ. ಸಂದಿನಾಗ ತಡಕೊಂಡು ನಿಲ್ತೈತಿ. ಗಾಡಿ ಕಾದ ಮ್ಯಾಲ ಎಣ್ಣಿ ನೀರಾಗತೈತಿ. ಓಡೋವಾಗ ಪಂಪು ಜೋರು ತಿರುಗಿ ಹೆಂಗೋ ದೂಡತೈತಿ. ಕಾದ ಗಾಡಿ ನಿಂತಲ್ಲೇ ಗುಡುಗುಡು ಅನ್ನೋವಾಗ ಪಂಪೂ ನಿಧಾನ, ಎಣ್ಣೀನೂ ನೀರು. ಮುಳ್ಳು ಬೀಳದೆ ಏನು ಮಾಡತೈತಿ?"

ಸಿದ್ದರಾಮೇಶ ಗೋಣಿಚೀಲದ ಪಕ್ಕ ಕುಕ್ಕರಗಾಲಿನಲ್ಲಿ ಕೂತ. "ಹಂಗಾದ್ರ ಮಡಕಶಿರಾದಾಗ..."

"ನೂರು ಕಿಲೋಮೀಟರು ಕಾಸಿಕೊಂಡು ಹೋಗಿ ಭಾವನ ಮನೆ ಮುಂದ ಮೆರೆಯೋಕ ನಿಲ್ಲಿಸಿದ್ರಿ. ಆ ಸೀಟಿನಾಗ ಸಿದ್ದೇಶ್ವರ ಸ್ವಾಮಿ ಬಂದು ಕುಂತಿದ್ರೂ ಮುಳ್ಳು ಬೀಳ್ತಿತ್ತು."

ಕಾರು ತುಂಡುತುಂಡಾಗಿದ್ದರಿಂದ ಸಿದ್ದರಾಮೇಶ ಬಸ್ಸು ಹತ್ತಿದ. ಸವೆದ ಬೇರಿಂಗುಗ‌ಳನ್ನು ಬಿಳಿ ವಸ್ತ್ರದಲ್ಲಿ ಕಟ್ಟಿ ಮಡಿಲಲ್ಲಿಟ್ಟುಕೊಂಡಿದ್ದ. ಪಕ್ಕದಲ್ಲಿ ಕೂತಿದ್ದ ಮುದುಕ ಗಂಟು ನೋಡಿ ಏನನ್ನೋ ಊಹಿಸಿಕೊಂಡು, ಕೈ ಮುಗಿದು, "ತೀರಿಹೋಗಿ ಎಷ್ಟು ದಿನಾತ್ರಿ?" ಎಂದು ಕೇಳಿದ. "ಮೂರು ದಿನ," ಎಂದ ಸಿದ್ದರಾಮೇಶ.

ಮಡಕಶಿರಾದಲ್ಲಿ ಹುಳದ ಮನೆಯ ಕತ್ತಲಲ್ಲಿ ಬಸವರಾಜು ಕಪ್ಪು ಕನ್ನಡಕ ಹಾಕಿಕೊಂಡು ಸೊಪ್ಪು ಹಾಕುತ್ತಿದ್ದ. ಅರ್ಧ ಸೊಪ್ಪು ನೆಲಕ್ಕೆ ಬೀಳುತ್ತಿತ್ತು.

"ಭಾವ, ಇದ್ಯಾಕ್ರಿ?"

"ಕಣ್ಣಿನ ಪವರು ಜಾಸ್ತಿ ಬಾವ. ಹುಳ ತಡ್ಕಳಲ್ಲ." ಬಸವರಾಜು ತಿರುಗಿ ಸಹ ನೋಡಲಿಲ್ಲ. "ಊರ್ತುಂಬ ಹಬ್ಬೈತೆ. ಮೊನ್ನೆ ಒಬ್ಬ ಬಂದಿದ್ದ. ಅವ್ನ ದಾಯಾದಿ ಹೊಸ ಟ್ರ್ಯಾಕ್ಟ್ರು ತಂದವ್ನಂತೆ. ಒಂದ್ಸಲ ಬಂದು ನೋಡ್ಕೊಡಿ ಅಂತ ಕೋಳಿ ತಂದಿದ್ದ. ನಮ್ ಮನೇಗೆ! ಕೋಳಿ!"

ಲಿಂಗ ಕಟ್ಟಿದ ಮನೆಗೆ ಕೋಳಿ ಬಂದದ್ದಕ್ಕಿಂತ ದೊಡ್ಡ ಅವಮಾನ ಬೇಕೆ? ಸಿದ್ದರಾಮೇಶ ಗಂಟು ಬಿಚ್ಚಿ, ಬೇರಿಂಗುಗಳನ್ನು ಸೊಪ್ಪಿನ ತಟ್ಟೆಯ ಮೇಲಿಟ್ಟ. ಗೋಪಣ್ಣ ಹೇಳಿದ್ದಷ್ಟನ್ನೂ ಪಾಕದಿಂದ ಪಂಪಿನವರೆಗೆ ಒಪ್ಪಿಸಿದ. ಮೈಲಾರಮ್ಮ ಹೇಳಿದ್ದನ್ನೂ ಬಿಡಲಿಲ್ಲ.

ಬಸವರಾಜು ಕನ್ನಡಕ ತೆಗೆದು, ಒಂದು ಪಟ್ಟಿಯನ್ನು ಬೆಳಕಿಗೆ ಹಿಡಿದು, ಬೆರಳಿಂದ ಸವರಿದ. ಅವನೂ ಬೋರಿನ ಮೋಟರು ಕಂಡವನೇ.

"ಇಷ್ಟ್ ಸವೆದೈತೆ. ಕಿವಿಗೆ ಕೇಳ್ಲಿಲ್ವಾ ಬಾವ?"

"ಕೇಳ್ತು. ಪಾಪ ಎಣಸತೈತಿ ಅಂದುಕೊಂಡ್ವಿ."

ಬಸವರಾಜುವಿನ ತುಟಿ ಸ್ವಲ್ಪ ಅಲುಗಿತು. ತಕ್ಷಣ ಕನ್ನಡಕ ಏರಿಸಿ ಅದನ್ನು ಅಡಗಿಸಿಕೊಂಡ. "ಬತ್ತೀನಿ. ಆದ್ರೆ ಒಂದು ಮಾತು. ಹೇಮಾವತಿಗೆ ಆ ಕಾರಲ್ಲೇ ಬತ್ತೀನಿ, ಮಗೀನ ನನ್ ತೊಡೆ ಮೇಲೆ ಕೂರುಸ್ಕಂಡು. ಅದಕ್ಕೂ ಮೊದ್ಲು ನಮ್ ಬೀದೀಲಿ, ಎಲ್ರ ಮುಂದೆ, ನೀನು ಕಾದ ಗಾಡಿ ಆರುಸ್ದೆ ಅರ್ಧ ಗಂಟೆ ನಿಲ್ಲುಸ್ಬೇಕು. ನಾನು ಕೂತಿರ್ತೀನಿ. ಮುಳ್ಳು ಬಿದ್ರೆ ನಾನು ಅಲ್ಲೇ ಇಳ್ಕಂತೀನಿ."

ಸಲಾಕೆಯನ್ನು ಬಳ್ಳಾರಿಯ ಲೇತಿನಲ್ಲಿ ಉಜ್ಜಿಸಿದ್ದು, ಬೆಂಗಳೂರಿನ ಹಳೆ ಕಾರಿನವರಿಂದ ಹೊಸ ಬೇರಿಂಗು ತರಿಸಿದ್ದು, ಅವು ಒಂದು ಅಳತೆ ತಪ್ಪಿ ಬಂದು ತಿರುಗಿ ಹೋದದ್ದು, ಇದೆಲ್ಲ ಹೇಳುತ್ತಾ ಹೋದರೆ ಜವಳದ ದಿನ ದಾಟಿಬಿಡುತ್ತದೆ. ಭಾನುವಾರ ಮಧ್ಯಾಹ್ನ ಗೋಪಣ್ಣ ಕೊನೆಯ ಬೋಲ್ಟು ಬಿಗಿದು, ಗಾಜಿನ ಮೇಲೆ ಇಪ್ಪತ್ತೈದಕ್ಕೆ ಕೆಂಪು ಬಣ್ಣದಲ್ಲಿ ಒಂದು ಗೀಟೆಳೆದ. "ಕಾದು ನಿಂತಾಗ ಈ ಗೀಟಿನ ಮ್ಯಾಲ ಇದ್ರ ಗಾಡಿ ಗಟ್ಟಿ. ಅರವತ್ತು ಬರಲಿಲ್ಲ ಅಂತ ಯಾರಿಗೂ ರಟ್ಟು ಬರೆದು ಕೊಡಬ್ಯಾಡ್ರಿ."

ಸೋಮವಾರ ಬೆಳಿಗ್ಗೆ ನೂರು ಕಿಲೋಮೀಟರು ಕಾದ ಕಪ್ಪೆ ಕಾರು ಮಡಕಶಿರಾದ ಬೀದಿಯಲ್ಲಿ ನಿಂತಿತು. ಹಿಂದೆ ಬಾಡಿಗೆ ಕಾರಿನಲ್ಲಿ ಭುವನಾ, ಬಸಲಿಂಗಮ್ಮ, ಜ್ಯೋತಿ. ಬೀದಿಗೆ ಬೀದಿಯೇ ಸೇರಿತ್ತು. ಕೋಳಿ ತಂದವನೂ ಮೂಲೆಯಲ್ಲಿದ್ದ. ಬಸವರಾಜು ಗರಿಗರಿ ಪಂಚೆಯುಟ್ಟು ಬಂದು, ಕನ್ನಡಕ ತೆಗೆದು ಜೇಬಿಗಿಟ್ಟು, ಕೂತ. ಮುಳ್ಳಿಗೆ ಕಣ್ಣು ನೆಟ್ಟ. ಸಿದ್ದರಾಮೇಶನ ಬೆವರು ಸ್ಟೇರಿಂಗಿನ ಮೇಲೆ ತೊಟ್ಟಿಕ್ಕಿತು.

ಹತ್ತು ನಿಮಿಷ. ಮುಳ್ಳು ಮೂವತ್ತೆರಡು. ಇಪ್ಪತ್ತು ನಿಮಿಷ. ಮೂವತ್ತು.

"ಮಿರಮಿರ ಅಂತೈತೆ," ಎಂದ ಬಸವರಾಜು, ಪರೀಕ್ಷೆಗೆಂದೇ.

ಮೂವತ್ತು.

"ತೊಟ್ಲಲ್ಲಿ ಕೂತಂಗೈತೆ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ.

ಮುಳ್ಳು ಮೂವತ್ತರಲ್ಲಿ ಮೊಳೆ ಹೊಡೆದ ಹಾಗೆ ನಿಂತಿತ್ತು. ಅರ್ಧ ಗಂಟೆ ತುಂಬಿತು. ಕೋಳಿ ತಂದವನು ನಿರಾಶೆಯಿಂದ ಮನೆಗೆ ಹೋದ. ಬಸವರಾಜು ಕೈ ಚಾಚಿ ಜ್ಯೋತಿಯನ್ನು ತೊಡೆಯ ಮೇಲೆ ಎಳೆದುಕೊಂಡ.

ಹೇಮಾವತಿಯಲ್ಲಿ ಗುಡಿಯ ಮುಂದೆ ನೆಂಟರಿಷ್ಟರು ಕಾದಿದ್ದರು. ಸಿದ್ದರಾಮೇಶ ಬೇವಿನ ನೆರಳಿಗೆ ಕಾರು ನಿಲ್ಲಿಸಿ, ತಿಂಗಳ ಮೇಲೆ ಮೊದಲ ಸಲ ನಿರಾಳವಾಗಿ ಉಸಿರು ಬಿಟ್ಟು, ಕೀಲಿ ತಿರುಗಿಸಿದ. ಇಂಜಿನ್ನು ಆರಿತು. ಇಂಜಿನ್ನು ಆರಿದ ಮೇಲೆ ಎಂಥ ಒಳ್ಳೆಯ ಮುಳ್ಳಾದರೂ ಮಾಡುವುದನ್ನೇ ಅದೂ ಮಾಡಿತು.

"ಬಿತ್ತು! ಬಿತ್ತು!" ಎಂದು ಜ್ಯೋತಿ ಸೋದರಮಾವನ ತೊಡೆಯ ಮೇಲೆ ನಿಂತು ಚಪ್ಪಾಳೆ ತಟ್ಟಿದಳು. "ಮಾವ ಕೂತ, ಬಿತ್ತು!"

ನೆಂಟರೆಲ್ಲ ಕಾರಿನ ಕಡೆ ತಿರುಗಿದರು. ಬಸಲಿಂಗಮ್ಮನ ಕೈ ತಾನಾಗಿ ಸೆರಗಿನ ಉಪ್ಪಿನ ಗಂಟಿಗೆ ಹೋಯಿತು. ಬಸವರಾಜುವಿನ ಮುಖ ಕಪ್ಪಿಟ್ಟಿತು. ಅವನ ಒಂದು ಕೈ ಬಾಗಿಲ ಮೇಲೆ ಹೋಯಿತು.

ಎಣ್ಣೆ, ಪಂಪು, ಕೀಲಿ, ಇದನ್ನೆಲ್ಲ ವಿವರಿಸಲು ಸಿದ್ದರಾಮೇಶನಿಗೆ ಕಾಲು ಗಂಟೆ ಬೇಕಿತ್ತು. ಅಷ್ಟು ಹೊತ್ತು ಯಾರೂ ಕಾಯುವ ಹಾಗಿರಲಿಲ್ಲ. ಅವನು ಸೀಟಿನ ಮೇಲೆ ಎದ್ದು ನಿಂತು, ಗುಡಿಯ ಒಳಗೂ ಕೇಳುವ ಹಾಗೆ ಕೂಗಿದ.

"ನಂದೇ ಕಣ್ರೀ ಕಣ್ಣು! ನಂದೇ! ಭಾವಂದಲ್ಲ! ರಾಯದುರ್ಗದಾಗ ಯಾರನ್ನ ಬೇಕಾದ್ರೂ ಕೇಳ್ರಿ!"

ಬಸವರಾಜು ತಲೆಯೆತ್ತಿ ಅವನನ್ನೇ ನೋಡಿದ. ಆಮೇಲೆ ಅವನ ಅಂಗಿ ಹಿಡಿದು ಕೆಳಗೆ ಕೂರಿಸಿ, ಜೇಬಿನಿಂದ ಕಪ್ಪು ಕನ್ನಡಕ ತೆಗೆದು, ಅವನ ಮೂಗಿನ ಮೇಲೆ ಜೋಪಾನವಾಗಿ ಇಟ್ಟ.

"ಹಂಗಾದ್ರೆ ಇದ್ನ ಹಾಕ್ಕಂಡೇ ನಿಂತ್ಕ ಬಾವ. ನಮ್ ಮಗೀಗೆ ತಗುಲ್ಬಾರ್ದು."

ಬಸವರಾಜು ಕಲ್ಲು ಕಟ್ಟೆಯ ಮೇಲೆ ಕೂತು, ಜ್ಯೋತಿಯನ್ನು ತೊಡೆಗೇರಿಸಿಕೊಂಡು, ಕತ್ತರಿ ಹಿಡಿದು ಮೊದಲ ಕೂದಲು ತೆಗೆದ. ಅವಳ ತಂದೆ ಪಕ್ಕದಲ್ಲಿ ಕಪ್ಪು ಕನ್ನಡಕದಲ್ಲಿ ನಿಂತು, ಏನೂ ಸರಿಯಾಗಿ ಕಾಣದೆ, ಎಲ್ಲದಕ್ಕೂ ತಲೆಯಾಡಿಸುತ್ತಿದ್ದ.

ಎಲ್ಲ ಮುಗಿದು ಗುಡಿಯಿಂದ ಇಳಿಯುವಾಗ ಅವನ ಕಾಲು ಮೊದಲ ಮೆಟ್ಟಿಲಿನಲ್ಲೇ ತಪ್ಪಿತು. ಪಕ್ಕದಿಂದ ಒಂದು ಕೈ ಬಂದು ರಟ್ಟೆ ಹಿಡಿಯಿತು.

"ಮೆಟ್ಲೈತೆ ಕಣ್ರೀ. ನೋಡ್ಕಂಡ್ ಇಳೀರಿ," ಎಂದಳು ಭುವನಾ, ನಡುವೆ ಜ್ಯೋತಿಯಿಲ್ಲದೆ.

ಎರಡನೆಯ ಮೆಟ್ಟಿಲು ಸಿದ್ದರಾಮೇಶನಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಆದರೂ ಎಡವಿದ.